ಗೋಡೆಯ ಮೇಲಿನ ಬೆಳಕು

ಕನ್ನಡಿಯಿಂದ ಎರಡು ಕೆಲಸಗಳನ್ನು ಮಾಡಬಹುದು. ಎದುರಿಗೆ ಹಿಡಿದು ಮುಖ ನೋಡಿಕೊಳ್ಳುವುದು ಒಂದು. ಬಿಸಿಲಿಗೆ ಹಿಡಿದು ಎದುರುಮನೆಯ ಗೋಡೆಯ ಮೇಲೆ ಬೆಳಕಿನ ಬಿಲ್ಲೆಯೊಂದನ್ನು ಕುಣಿಸುವುದು ಇನ್ನೊಂದು. ದೊಡ್ಡವರು ಮೊದಲನೆಯದರಲ್ಲಿಯೇ ತೃಪ್ತರು. ಎರಡನೆಯದು ಮಕ್ಕಳ ಪಾಲಿನದು. ಅದಕ್ಕಾಗಿ ಅವರು ಬೈಸಿಕೊಳ್ಳುವುದೂ ಉಂಟು. ಆದರೆ ಕಳೆದ ಒಂದು ನೂರು ವರ್ಷಗಳಲ್ಲಿ ಪಾಶ್ಚಾತ್ಯ ಕಲಾಪ್ರಪಂಚದ ಕೆಲವು ಗಂಭೀರ ವ್ಯಕ್ತಿಗಳು ಈ ಮಕ್ಕಳಾಟವನ್ನೇ ತಮ್ಮ ಜೀವಿತದ ಉದ್ಯೋಗವನ್ನಾಗಿ ಮಾಡಿಕೊಂಡರು. ಅವರು ಮಾಡಿದ್ದೇನು, ಅವರು ಮಾಡಿಟ್ಟದ್ದನ್ನು ನಾವು ಇಂದು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬ ವಿಷಯದಲ್ಲಿ ನನಗಿರುವ ಒಂದು ತಕರಾರನ್ನು ಓದುಗರ ಮುಂದಿಡಬೇಕೆಂದು ಈ ಲೇಖನ.

ಮೊದಲು ಒಂದು ಸಣ್ಣ ಲೆಕ್ಕ. ಬೆಳಕು ಯಾವ ಕೋನದಲ್ಲಿ ಕನ್ನಡಿಗೆ ಬಡಿಯುವುದೋ ಅದೇ ಕೋನದಲ್ಲಿ ಹಿಂದಿರುಗುತ್ತದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತದ್ದುಂಟು. ಅದರಿಂದ ಒದಗುವ ಪರಿಣಾಮವೊಂದನ್ನು ಗಮನಿಸಿದವರು ಮಾತ್ರ ಕಡಿಮೆ. ಕನ್ನಡಿಯನ್ನು ಒಂದು ಡಿಗ್ರಿಯಷ್ಟು ತಿರುಗಿಸಿದರೆ ಅದರಿಂದ ಹೊರಟ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಹತ್ತು ಮೀಟರು ದೂರದ ಗೋಡೆಯ ಮೇಲೆ ಬೆಳಕಿನ ಬಿಲ್ಲೆ ಆ ವೇಳೆಗೆ ಸುಮಾರು 35 ಸೆಂಟಿಮೀಟರು ಸರಿದಿರುತ್ತದೆ. ಎಂದರೆ, ಕೈಯಲ್ಲಿ ಕಂಡೂ ಕಾಣದ ನಡುಕ ಗೋಡೆಯ ಮೇಲೆ ಒಂದು ಮೊಳದ ಹಾರಾಟವಾಗುತ್ತದೆ. ಇನ್ನು ಆ ಕನ್ನಡಿ ಬಾಗಿದ್ದರೆ, ತಗಡಿನಲ್ಲಿ ಸಾಲು ತೂತುಗಳಿದ್ದರೆ, ಒಂದರ ಹಿಂದೆ ಒಂದು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿದ್ದರೆ, ಗೋಡೆಯ ಮೇಲೆ ಏನಾಗುವುದೆಂದು ಊಹಿಸುವುದು ಮಾಡಿದವನಿಗೂ ಕಷ್ಟ. ಚಿತ್ರಕಾರನ ಕುಂಚ ಕೈಯ ಚಲನೆಯನ್ನು ಇದ್ದಷ್ಟೇ ತೋರಿಸೀತು. ಈ ಕಲೆಯಲ್ಲಿ ಸಾಧನ ಒಂದೆಡೆ, ಫಲ ಇನ್ನೊಂದೆಡೆ. ಇವೆರಡರ ನಡುವಣ ದೂರವೇ ಇದರ ಬಂಡವಾಳ.

ಈ ದೂರವನ್ನು ಮೊದಲು ಚೆನ್ನಾಗಿ ದುಡಿಸಿಕೊಂಡವನು ಲಾಸ್ಲೊ ಮೊಹೋಲಿ-ನಾಜ್. 1895ರಲ್ಲಿ ಹಂಗೇರಿಯಲ್ಲಿ ಹುಟ್ಟಿ, ಕಾನೂನು ಓದಲು ಹೋಗಿ, ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಗಾಯಗೊಂಡು, ಕಡೆಗೆ ಚಿತ್ರಕಾರನಾದವನು ಈತ. 1923ರಿಂದ 1928ರವರೆಗೆ ಜರ್ಮನಿಯ ಸುಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ಅಧ್ಯಾಪಕನಾಗಿದ್ದನು. ಬಣ್ಣವನ್ನು ಬಳಿದು ಬೆಳಕಿನ ಭ್ರಮೆ ಹುಟ್ಟಿಸುವುದಕ್ಕಿಂತ ಬೆಳಕನ್ನೇ ನೇರವಾಗಿ ಬಳಸಬಾರದೇಕೆ ಎಂಬುದು ಇವನ ತಲೆ ತಿಂದ ಪ್ರಶ್ನೆ. ಹಲವು ವರ್ಷ ಇದರ ಹಿಂದೆ ಬಿದ್ದು, ಬರ್ಲಿನ್ನಿನ ಎ.ಇ.ಜಿ. ವಿದ್ಯುತ್ ಕಂಪೆನಿಯ ನೆರವಿನಿಂದ ಒಂದು ಯಂತ್ರ ಮಾಡಿಸಿ, 1930ರಲ್ಲಿ ಪ್ಯಾರಿಸಿನಲ್ಲಿ ಜರ್ಮನ್ ವಿನ್ಯಾಸಕಾರರ ಪ್ರದರ್ಶನದಲ್ಲಿ ಅದನ್ನು ಇರಿಸಿದನು. ವಿದ್ಯುತ್ ರಂಗಭೂಮಿಗೊಂದು ಬೆಳಕಿನ ಪರಿಕರ ಎಂಬರ್ಥದ ಹೆಸರು ಅವನು ಕೊಟ್ಟದ್ದು. ಬೆಳಕು ಮತ್ತು ಅವಕಾಶಗಳ ನಿಯಾಮಕ ಎಂಬ ಭಾರಿ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಮೊದಲಿನ ಹೆಸರೇ ನನಗೆ ಹೆಚ್ಚು ಮೆಚ್ಚು. ಕಾರಣವನ್ನು ಮುಂದೆ ಹೇಳುತ್ತೇನೆ.

ಯಂತ್ರದ ಎತ್ತರ ಸುಮಾರು 151 ಸೆಂಟಿಮೀಟರು, ಒಬ್ಬ ಹುಡುಗನಷ್ಟು. ದುಂಡನೆಯ ಪೀಠದ ಮೇಲೆ ಮೂರು ಭಾಗಗಳು. ಒಂದರಲ್ಲಿ ಲೋಹದ ಚೌಕಟ್ಟುಗಳು ಅಲೆಯಂತೆ ಏರಿಳಿಯುತ್ತವೆ; ಇನ್ನೊಂದರಲ್ಲಿ ತೂತು ಕೊರೆದ ತಗಡಿನ ಬಿಲ್ಲೆಗಳಿದ್ದು ಅವುಗಳ ನಡುವೆ ಸಣ್ಣದೊಂದು ಕರಿಯ ಗುಂಡು ಓರೆಯಾಗಿ ಜಾರಿ ಬೀಳುತ್ತದೆ; ಮೂರನೆಯದರಲ್ಲಿ ಗಾಜಿನ ಸುರುಳಿ ಸುತ್ತುತ್ತ ಗಾಳಿಯಲ್ಲಿ ಇಲ್ಲದ ಶಂಖಾಕೃತಿಯೊಂದನ್ನು ಇದೆಯೆನ್ನಿಸುತ್ತದೆ. ಮೂಲ ಯೋಜನೆಯಂತೆ ಇದೆಲ್ಲವೂ 120 ಸೆಂಟಿಮೀಟರು ಚೌಕದ ಪೆಟ್ಟಿಗೆಯೊಳಗಿರಬೇಕು; ಮುಂಭಾಗದಲ್ಲಿ ದುಂಡನೆಯ ಕಿಂಡಿ, ಅದರ ಸುತ್ತ ಬಣ್ಣಬಣ್ಣದ ಬಲ್ಬುಗಳು; ಎರಡು ನಿಮಿಷಗಳ ಒಂದು ಆವರ್ತದಲ್ಲಿ ಗೊತ್ತಾದ ಕ್ರಮದಂತೆ ಅವು ಹತ್ತಿ ಆರಬೇಕು. ಈಗ ಉಳಿದಿರುವುದು ಒಳಗಿನ ಯಂತ್ರ ಮಾತ್ರ.

ಮುಖ್ಯವಾದ ಸಂಗತಿ ಇದಲ್ಲ. ಪ್ರತಿಯೊಂದು ಚಲನೆಯನ್ನೂ ನಕ್ಷೆಯಲ್ಲಿ ಬರೆದು ಲೆಕ್ಕ ಹಾಕಿದ್ದ ಮನುಷ್ಯ, ಯಂತ್ರಕ್ಕೆ ಮೊದಲ ಸಲ ವಿದ್ಯುತ್ತು ಹರಿದಾಗ ಬೆರಗಾಗಿಹೋದನು. ಗುರುವಿಲ್ಲದ ಹೊತ್ತಿನಲ್ಲಿ ಮಂತ್ರ ಪಠಿಸಿ ಕಂಗಾಲಾದ ಮಾಂತ್ರಿಕನ ಶಿಷ್ಯನ ಹಾಗೆ ತನಗಾಯಿತೆಂದು ಅವನೇ ಮುಂದೆ ಬರೆದುಕೊಂಡಿದ್ದಾನೆ. ಲೆಕ್ಕ ಹಾಕಿದ್ದು ಲೋಹದ ಚಲನೆ. ಎದುರಿಗೆ ಬಂದದ್ದು ನೆರಳಿನ ಚಲನೆ. ಎರಡನೆಯದನ್ನು ಅವನು ಮಾಡಿರಲಿಲ್ಲ, ಅದು ಆಗಿತ್ತು. ಅದೇ ವರ್ಷ ಈ ಯಂತ್ರವನ್ನು ಕುರಿತು ಅವನು ತೆಗೆದ, ಐದಾರು ನಿಮಿಷಗಳ ಕಪ್ಪು-ಬಿಳುಪಿನ ಚಲಚ್ಚಿತ್ರವನ್ನು ನೋಡಿದವರಿಗೆ ಈ ಮಾತು ಚೆನ್ನಾಗಿ ಮನವರಿಕೆಯಾಗುತ್ತದೆ. ಯಂತ್ರದ ಒಟ್ಟು ರೂಪ ಹೇಗಿದೆಯೆಂದು ತಿಳಿಸಲು ಆ ಚಿತ್ರ ತಲೆಕೆಡಿಸಿಕೊಳ್ಳುವುದೇ ಇಲ್ಲ. ತೂತುಗಳಿಂದ ಜಿನುಗುವ ಬೆಳಕು, ಒಂದರ ಮೇಲೊಂದು ಹಾಯುವ ನೆರಳು, ಹೊಳಪು, ಮಬ್ಬು — ಇಷ್ಟೇ. ತನ್ನ ಕೃತಿ ಯಾವುದು, ಕೃತಿಯನ್ನು ಹೊಮ್ಮಿಸುವ ಉಪಕರಣ ಯಾವುದು ಎಂಬುದರಲ್ಲಿ ಮೊಹೋಲಿ-ನಾಜ್‌ಗೆ ಗೊಂದಲವಿರಲಿಲ್ಲ. ಪರಿಕರ ಎಂದು ಕರೆದದ್ದೂ ಅದಕ್ಕೇ.

ಗೊಂದಲವಾದದ್ದು ಉಳಿದವರಿಗೆ. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು, ಆಮ್‌ಸ್ಟರ್‌ಡಾಮ್, ಲಂಡನ್ನುಗಳನ್ನು ಹಾದು, 1937ರಲ್ಲಿ ಷಿಕಾಗೋ ಸೇರಿದ ಈ ಸಂಸಾರದೊಡನೆ ಯಂತ್ರವೂ ಗಡಿಯಿಂದ ಗಡಿಗೆ ಪ್ರಯಾಣ ಮಾಡಿತು. ಪ್ರತಿಯೊಂದು ಸುಂಕದ ಕಟ್ಟೆಯಲ್ಲೂ ಇದೇನೆಂದು ಅಧಿಕಾರಿಗಳಿಗೆ ತಿಳಿಸುವುದೇ ಒಂದು ಪಾಡು. ಒಂದೆಡೆ ಕಲಸುವ ಯಂತ್ರ, ಒಂದೆಡೆ ಕಾರಂಜಿ, ಅಮೆರಿಕೆಯನ್ನು ಹೊಗುವಾಗ ಕ್ಷೌರದಂಗಡಿಯ ಸಲಕರಣೆ ಎಂದು ಬರೆಸಬೇಕಾಯಿತೆಂದು ಅವನ ಪತ್ನಿ ಸಿಬಿಲ್ ದಾಖಲಿಸಿದ್ದಾಳೆ. ನಗು ಬರುತ್ತದೆ, ನಿಜ. ಆದರೆ ಸುಂಕದವರ ಮೇಲೆ ನನಗೆ ಕೋಪವಿಲ್ಲ. ನಿಂತ ಯಂತ್ರವನ್ನು ನೋಡಿ ಅವರು ಕಂಡದ್ದನ್ನು ಹೇಳಿದರು. ಆ ತಗಡು, ಆ ಸರಳುಗಳನ್ನು ನೋಡಿ ಬೇರೆ ಏನು ಹೇಳಬೇಕಿತ್ತು?

ನನ್ನ ತಕರಾರಿರುವುದು ಸಂಗ್ರಹಾಲಯಗಳವರೊಡನೆ. ಸುಂಕದವರಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತು. ಗೊತ್ತಿದ್ದೂ ಅದೇ ನಿಂತ ಯಂತ್ರವನ್ನು ನಮಗೆ ತೋರಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಯೂರೋಪಿನ ಸಂಗ್ರಹಾಲಯವೊಂದರಲ್ಲಿ ಇಂಥ ಒಂದು ಬೆಳಕಿನ ಯಂತ್ರದ ಮುಂದೆ ನಿಂತಿದ್ದೆನು. ಬೇರೊಬ್ಬ ಕಲಾವಿದನದು, 1960ರ ದಶಕದ್ದು. ಪೀಠದ ಮೇಲೆ ಅದು ತೆಪ್ಪಗಿತ್ತು. ಕಲಾವಿದನ ಹೆಸರು, ಇಸವಿ, ಲೋಹಗಳ ಪಟ್ಟಿ, ದಾನಿಯ ಹೆಸರು ಎಲ್ಲವೂ ಅಚ್ಚುಕಟ್ಟಾಗಿ ಅಚ್ಚಾಗಿದ್ದವು. ಗಂಟೆಗೊಮ್ಮೆ ಕೆಲವೇ ನಿಮಿಷ ಚಾಲೂ ಮಾಡುವರೆಂದು ಕಾವಲಿನವರು ತಿಳಿಸಿದರು. ಕಾದೆನು. ಮುಕ್ಕಾಲು ಗಂಟೆಯಲ್ಲಿ ನೂರಾರು ಜನ ಬಂದು, ಫಲಕ ಓದಿ, ಫೋಟೋ ತೆಗೆದುಕೊಂಡು, ಕೃತಿಯನ್ನು ನೋಡಿದೆವೆಂಬ ಸಮಾಧಾನದಿಂದ ಮುಂದಿನ ಕೋಣೆಗೆ ನಡೆದರು. ಕೊನೆಗೆ ಯಂತ್ರ ತಿರುಗಿದಾಗ ಅಲ್ಲಿದ್ದವರು ನಾವು ನಾಲ್ವರು. ಅದೂ ಹೇಗೆ? ಕೋಣೆಯ ದೀಪಗಳೆಲ್ಲ ಉರಿಯುತ್ತಿದ್ದವು. ಎದುರಿನ ಗೋಡೆಯ ತುಂಬ ಬೇರೆ ಚಿತ್ರಗಳು. ಬೆಳಕು ಬೀಳಲು ಜಾಗವೇ ಇರಲಿಲ್ಲ. ಹೇಗೋ ನುಸುಳಿಕೊಂಡು ಚಾವಣಿಯ ಮೂಲೆಯಲ್ಲಿ ಒಂದಿಷ್ಟು ಬೆಳ್ಳಿಯ ಮೀನುಗಳು ಈಜಿದವು. ಒಂದು ಮಗು ಮಾತ್ರ ಅದನ್ನು ಬೆರಳು ಮಾಡಿ ತೋರಿಸಿತು. ಉಳಿದ ಮೂವರೂ ಯಂತ್ರವನ್ನೇ ನೋಡುತ್ತಿದ್ದೆವು!

ಈ ಬಗೆಯ ಕೃತಿಗಳನ್ನು ಕನ್ನಡದಲ್ಲಿ ಪ್ರತಿಷ್ಠಾಪನ ಕಲೆ ಎನ್ನುವುದು ವಾಡಿಕೆಯಾಗಿದೆ. ಪದವನ್ನು ಟಂಕಿಸಿದವರು ಅಷ್ಟು ದೂರ ಯೋಚಿಸಿದ್ದರೋ ಇಲ್ಲವೋ, ಮಾತು ಸೊಗಸಾಗಿ ಹೊಂದಿದೆ. ಮೂರ್ತಿಯನ್ನು ಪೀಠದ ಮೇಲೆ ಕೂರಿಸಿದ ಮಾತ್ರಕ್ಕೆ ನಮ್ಮಲ್ಲಿ ಪ್ರತಿಷ್ಠೆ ಮುಗಿಯುವುದಿಲ್ಲ. ಪ್ರಾಣಪ್ರತಿಷ್ಠೆ ಬೇರೆಯೇ ಆಗಬೇಕು. ಪಶ್ಚಿಮದ ಸಂಗ್ರಹಾಲಯಗಳನ್ನು ಮಾತ್ರ ದೂರುತ್ತಿದ್ದೇನೆಂದು ಯಾರೂ ಭಾವಿಸಬಾರದು. ನಮ್ಮ ತೊಗಲುಗೊಂಬೆಗಳಿಗೆ ನಾವು ಮಾಡಿರುವುದೇನು? ಹದಮಾಡಿ ಬಣ್ಣ ತುಂಬಿದ ಆ ಚರ್ಮ, ಹಿಂದೆ ದೀಪ, ಮುಂದೆ ಬಿಳಿಯ ಪರದೆ, ಆಡಿಸುವವನ ಕೈ ಇವು ಕೂಡಿದಾಗ ಮಾತ್ರ ರಾವಣನೋ ಹನುಮಂತನೋ ಆಗುತ್ತದೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಂದಿನಿಂದ ದೀಪ ಹಾಕಿ ತೂಗುಬಿಟ್ಟರೆ ಉಳಿಯುವುದು ಚಿತ್ತಾರ ಬಿಡಿಸಿದ ಒಂದು ತೊಗಲು.

ಸಂಗ್ರಹಾಲಯದ ಸಂರಕ್ಷಕರು ಇದಕ್ಕೆ ಹೇಳುವ ಸಮಾಧಾನವನ್ನು ನಾನು ಬಲ್ಲೆ, ಅದು ಹಗುರವಾದದ್ದಲ್ಲ. ಯಂತ್ರ ಪ್ರತಿ ಸುತ್ತಿಗೂ ಸವೆಯುತ್ತದೆ. ಹಲ್ಲುಚಕ್ರ ಸವೆದರೆ ಹೊಸದು ಹಾಕಬೇಕು. ಮೋಟಾರು ಸುಟ್ಟರೆ ಹೊಸದು. ತಗಡು ಬಾಗಿದರೆ ಹೊಸದು. ಹೀಗೆ ಬದಲಾಯಿಸುತ್ತ ಹೋದರೆ ಕಲಾವಿದ ಮುಟ್ಟಿದ್ದು ಏನು ಉಳಿಯಿತು? ಮುಂದಿನ ತಲೆಮಾರಿಗೆ ಮೂಲವಸ್ತುವನ್ನು ಒಪ್ಪಿಸುವ ಹೊಣೆ ಅವರದು. ಮೊಹೋಲಿ-ನಾಜ್ 1946ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹತ್ತು ವರ್ಷಗಳ ತರುವಾಯ, 1956ರಲ್ಲಿ, ಸಿಬಿಲ್ ಆ ಯಂತ್ರವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಕೊಟ್ಟಳು. ಅದು ಇಂದು ಬಹಳ ನಾಜೂಕಿನ ವಸ್ತು. ಹಗಲಿಡೀ ಓಡಿಸಿರೆಂದು ಕೇಳುವುದು ಅವಿವೇಕವಾದೀತು. ಇದಕ್ಕೆ ಅಲ್ಲಿನವರೂ ಉಳಿದವರೂ ಕಂಡುಕೊಂಡ ದಾರಿ ಪ್ರತಿಕೃತಿಗಳದು. 1970ರಲ್ಲಿ ಎರಡು, 2006ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದ ಪ್ರದರ್ಶನಕ್ಕಾಗಿ ಇನ್ನೊಂದು ಸಿದ್ಧವಾದವು. ಮೂಲ ವಿಶ್ರಮಿಸುತ್ತದೆ, ಪ್ರತಿಕೃತಿ ದುಡಿಯುತ್ತದೆ.

ಇದು ವಿವೇಕದ ದಾರಿ. ಆದರೆ ಇದನ್ನು ಹೇಳುವಾಗ ಕಲಾಭಿಜ್ಞರ ದನಿ ಸ್ವಲ್ಪ ತಗ್ಗುತ್ತದೆ. ಪ್ರತಿಕೃತಿ ಎಂಬ ಮಾತನ್ನು ಕ್ಷಮೆ ಕೇಳುವವರಂತೆ ಆಡುತ್ತಾರೆ. ಏಕೆ ತಗ್ಗಬೇಕು ಎಂಬುದೇ ನನ್ನ ಪ್ರಶ್ನೆ. 1930ರಲ್ಲಿ ಪ್ಯಾರಿಸಿನಲ್ಲಿ ನೋಡಿದವನು ಕಂಡದ್ದು ಹೊಸ ಲೋಹದ ಥಳಥಳಿಸುವ ಹೊಳಪನ್ನು. ಆ ಹೊಳಪು ಇಂದು ಮೂಲದಲ್ಲಿ ಮಾಸಿದೆ, ಪ್ರತಿಕೃತಿಯಲ್ಲಿದೆ. ಹಾಗಿದ್ದಮೇಲೆ ಗೋಡೆಯ ಮೇಲೆ ಬೀಳುವ ಎರಡು ಬೆಳಕುಗಳಲ್ಲಿ ಅವನದು ಯಾವುದು? ವೀಣೆಯನ್ನು ಗಾಜಿನಲ್ಲಿಟ್ಟು ಇದೇ ರಾಗವೆಂದು ಯಾರೂ ಹೇಳುವುದಿಲ್ಲ. ತಂತಿ ಬದಲಾಯಿಸಿದ್ದರಿಂದ ರಾಗ ನಕಲಿಯಾಯಿತೆಂದೂ ಹೇಳುವುದಿಲ್ಲ. ಮುಟ್ಟಿದ ಕೈಗೆ ಬೆಲೆ ಕಟ್ಟುವ ಅಭ್ಯಾಸ ನಮಗೆ ಚಿತ್ರಪಟಗಳಿಂದ ಬಂದದ್ದು. ಅದನ್ನು ಇಲ್ಲಿಗೂ ಎಳೆದು ತಂದಿದ್ದೇವೆ. ಹರಾಜಿನ ಮಾರುಕಟ್ಟೆಗೆ ಅದು ಬೇಕು, ನೋಡುವವನಿಗೆ ಬೇಕಿಲ್ಲ.

ಆದರೂ ಬದಲಾವಣೆಗೆ ಮಿತಿಯಿಲ್ಲವೆಂದು ನನ್ನ ವಾದವಲ್ಲ. ಬಲ್ಬನ್ನೇ ತೆಗೆದುಕೊಳ್ಳಿ. ತಂತಿ ಕಾಯ್ದು ಉರಿಯುವ ಹಳೆಯ ಬಲ್ಬುಗಳನ್ನು ಯೂರೋಪಿನ ಒಕ್ಕೂಟ 2009ರಿಂದ 2012ರೊಳಗೆ ಹಂತಹಂತವಾಗಿ ಮಾರುಕಟ್ಟೆಯಿಂದ ತೆಗೆಯಿತು. ವಿದ್ಯುತ್ತಿನ ಉಳಿತಾಯಕ್ಕೆ ಅದು ಸರಿಯೇ. ಆದರೆ ಆ ಬಲ್ಬಿನ ಬೆಳಕಿನಲ್ಲಿ ಕೆಂಡದ ಬಿಸುಪಿತ್ತು. ಅದು ತಟ್ಟನೆ ಹತ್ತುತ್ತಿರಲಿಲ್ಲ, ತಟ್ಟನೆ ಆರುತ್ತಲೂ ಇರಲಿಲ್ಲ. ಅದರ ಜಾಗದಲ್ಲಿ ಕಣ್ಣು ಕುಕ್ಕುವ ಯಾವುದೋ ದೀಪವನ್ನು ಸಿಕ್ಕಿಸಿದರೆ ಗೋಡೆಯ ಮೇಲಿನ ನೆರಳಿನ ಅಂಚು ಕತ್ತಿಯಾಗುತ್ತದೆ. ಹಲ್ಲುಚಕ್ರ ಬದಲಾದರೆ ಗೋಡೆಗೆ ತಿಳಿಯುವುದಿಲ್ಲ. ದೀಪ ಬದಲಾದರೆ ತಿಳಿಯುತ್ತದೆ. ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಕೂಡದು ಎಂಬುದನ್ನು ಗೋಡೆಯನ್ನು ಕೇಳಿ ತೀರ್ಮಾನಿಸಬೇಕೆಂಬುದಷ್ಟೇ ನನ್ನ ಅಭಿಪ್ರಾಯ.

ಕಲಾವಿದರೇ ಈ ಸ್ವಾತಂತ್ರ್ಯವನ್ನು ವಹಿಸಿದ್ದಾರೆ. ಜರ್ಮನಿಯ ಓಟೊ ಪೀನೆಯನ್ನು ನೋಡಿ. ಹದಿಹರೆಯದಲ್ಲಿಯೇ ಅವನನ್ನು ಎರಡನೆಯ ಮಹಾಯುದ್ಧದ ವಿಮಾನನಿರೋಧಕ ಫಿರಂಗಿಯ ಮುಂದೆ ನಿಲ್ಲಿಸಿದ್ದರು. ಆಕಾಶದಲ್ಲಿ ಬೆಳಕು ಕಂಡರೆ ಸಾವು ಬಂತೆಂದು ತಿಳಿಯಬೇಕಾದ ವಯಸ್ಸು ಅದು. 1957ರಲ್ಲಿ ಈತನೂ ಹೈಂಜ್ ಮಾಕ್ ಎಂಬ ಗೆಳೆಯನೂ ಡುಸೆಲ್‌ಡಾರ್ಫ್ ನಗರದಲ್ಲಿ ‘ಜೀರೊ’ ಎಂಬ ಕಲಾಬಳಗವನ್ನು ಕಟ್ಟಿದರು. ಎಲ್ಲವೂ ಸುಟ್ಟುಹೋದ ದೇಶದಲ್ಲಿ ಸೊನ್ನೆಯಿಂದ ಆರಂಭಿಸೋಣ ಎಂಬ ಭಾವ. ಪೀನೆ ಮೊದಮೊದಲು ತೂತು ಕೊರೆದ ಹಾಳೆಗಳ ಹಿಂದೆ ಕೈದೀಪ ಹಿಡಿದು ತಾನೇ ಅದನ್ನು ಆಡಿಸಿ, ಕತ್ತಲ ಕೋಣೆಯ ಗೋಡೆ-ಚಾವಣಿಗಳ ಮೇಲೆ ಬೆಳಕಿನ ಚುಕ್ಕಿಗಳನ್ನು ಹರಿಯಿಸುತ್ತಿದ್ದನು. ಅದನ್ನು ಬೆಳಕಿನ ಬ್ಯಾಲೆ ಎಂದು ಕರೆದನು. ಸ್ವಲ್ಪ ಕಾಲದ ಮೇಲೆ ಕೈಯ ಜಾಗಕ್ಕೆ ಮೋಟಾರು ಬಂತು. ಸಾಧನ ಪೂರ್ತಿ ಬದಲಾದರೂ ಬ್ಯಾಲೆ ಬ್ಯಾಲೆಯೇ. ಬಾಲ್ಯದಲ್ಲಿ ಭಯವಾಗಿದ್ದ ಬೆಳಕನ್ನು ಮನುಷ್ಯರು ನಿರ್ಭಯವಾಗಿ ತಲೆಯೆತ್ತಿ ನೋಡುವಂತೆ ಮಾಡಿದ್ದು ಅವನ ಸಾಧನೆ. ಅದಕ್ಕೆ ಯಾವ ಮೋಟಾರು ಬಳಸಿದನೆಂಬುದು ಅಂಗಡಿಯ ರಸೀತಿಗೆ ಸೇರಿದ ವಿಷಯ.

ಇನ್ನು ಮೊದಲು ಹೇಳಿದ ಇನ್ನೊಂದು ಕೆಲಸದ ಮಾತು, ಮುಖ ನೋಡಿಕೊಳ್ಳುವುದು. ಈಚಿನ ದಶಕಗಳಲ್ಲಿ ಕನ್ನಡಿಯ ಕಲೆ ಹೆಚ್ಚಾಗಿ ಆ ಕಡೆಗೇ ವಾಲಿದೆ. ಷಿಕಾಗೋದಲ್ಲಿ 2006ರಲ್ಲಿ ಪೂರ್ಣಗೊಂಡ ಅನೀಶ್ ಕಪೂರನ ಉಕ್ಕಿನ ‘ಮೇಘದ್ವಾರ’ವನ್ನು ಊರಿನವರು ಕಾಳೆಂದು ಕರೆಯುತ್ತಾರೆ, 168 ಫಲಕಗಳನ್ನು ಬೆಸುಗೆ ಕಾಣದಂತೆ ಕೂಡಿಸಿದ ಕುಶಲತೆ ಅಸಾಮಾನ್ಯವಾದದ್ದು. ಆದರೆ ಅದರ ಎದುರು ನಿಂತವರು ಮೋಡವನ್ನು ನೋಡುವುದು ಕಡಿಮೆ. ತಮ್ಮ ಸೊಟ್ಟ ಮುಖದ ಫೋಟೋ ತೆಗೆಯುವುದು ಹೆಚ್ಚು. ಯಾಯೋಯಿ ಕುಸಾಮಾ ಇದನ್ನು ಬಹಳ ಮೊದಲೇ ಕಂಡಿದ್ದಳು. 1966ರ ವೆನಿಸ್ ಮಹಾಪ್ರದರ್ಶನದ ಹುಲ್ಲುಹಾಸಿನ ಮೇಲೆ 1500 ಕನ್ನಡಿಗುಂಡುಗಳನ್ನು ಹರಡಿ, ಒಂದಕ್ಕೆ 1200 ಲೀರಾದಂತೆ ಮಾರಲು ಕುಳಿತಳು. ಅಧಿಕಾರಿಗಳು ಬಂದು ನಿಲ್ಲಿಸಿದರು. ತಮ್ಮ ಮುಖಕ್ಕೇ ದುಡ್ಡು ಕೊಡುವಿರಲ್ಲ ಎಂಬ ಚುಚ್ಚು ಅದರಲ್ಲಿತ್ತು. ಇಂದು ಆ ಚುಚ್ಚು ಯಾರಿಗೂ ನಾಟುವುದಿಲ್ಲ.

ಓಲಾಫುರ್ ಎಲಿಯಾಸನ್ ಎಂಬಾತ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ 2003ರ ಅಕ್ಟೋಬರಿನಿಂದ 2004ರ ಮಾರ್ಚಿನವರೆಗೆ ಕಟ್ಟಿದ ಸೂರ್ಯನ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇಬ್ಬಗೆಯಾಗುತ್ತದೆ. ಹಳೆಯ ವಿದ್ಯುದಾಗಾರದ ಆ ಭಾರಿ ಹಜಾರದ ಕೊನೆಯಲ್ಲಿ ಸುಮಾರು 200 ಹಳದಿ ದೀಪಗಳ ಅರ್ಧಚಂದ್ರಾಕೃತಿ. ಚಾವಣಿಯ ತುಂಬ ಕನ್ನಡಿ. ಗಾಳಿಯಲ್ಲಿ ಮಂಜಿನ ಹೊಗೆ. ಕೆಳಗಿನ ಅರ್ಧಕ್ಕೆ ಮೇಲಿನ ಪ್ರತಿಬಿಂಬ ಕೂಡಿ ಪೂರ್ಣಸೂರ್ಯನಾಗುತ್ತಿತ್ತು. ಸುಮಾರು 20 ಲಕ್ಷ ಜನ ನೋಡಿದರೆಂದು ಲೆಕ್ಕ. ಚಳಿಗಾಲದ ಲಂಡನ್ನಿನವರು ನೆಲದ ಮೇಲೆ ಅಂಗಾತ ಮಲಗಿ ಚಾವಣಿಯಲ್ಲಿ ಕಾಣುವ ತಮ್ಮ ಇರುವೆಗಾತ್ರದ ರೂಪಕ್ಕೆ ಕೈಬೀಸಿದರು. ಗುಂಪುಗೂಡಿ ಮಲಗಿ ಅಕ್ಷರಗಳನ್ನು ಬರೆದರು. ಇಲ್ಲಿಯೂ ತಮ್ಮನ್ನೇ ನೋಡಿಕೊಂಡರಲ್ಲ ಎಂದು ಗೊಣಗಬಹುದು. ಆದರೆ ಅಲ್ಲಿ ಮುಖ ಕಾಣುತ್ತಿರಲಿಲ್ಲ. ಯಾರು ಯಾರೆಂಬ ಗುರುತು ಅಳಿಸಿ ಒಂದು ಜನಸಮೂಹ ಬೆಳಕಿನಡಿ ಬಿದ್ದುಕೊಂಡದ್ದು ಮಾತ್ರ ಕಾಣುತ್ತಿತ್ತು. ಎಲಿಯಾಸನ್ ಕನ್ನಡಿಯನ್ನು ಅಷ್ಟು ಎತ್ತರದಲ್ಲಿ ಕಟ್ಟಿದ್ದರಿಂದ ಅದು ಉಳಿಯಿತು. ತಲೆಯ ಮಟ್ಟಕ್ಕೆ ಇಳಿಸಿದ್ದರೆ ಕೆಟ್ಟಿತ್ತು.

ನೋಡುಗನು ಕೃತಿಯೊಳಗೆ ಪಾಲ್ಗೊಳ್ಳಲು ಮುಖವೇ ಬೇಕೆಂದಿಲ್ಲ, ಉಸಿರು ಸಾಕು. ಇದನ್ನು ತೋರಿಸಿಕೊಟ್ಟವನು ಹೂಲಿಯೊ ಲ ಪಾರ್ಕ್. 1928ರಲ್ಲಿ ಅರ್ಜೆಂಟೀನದ ಮೆಂಡೋಸದಲ್ಲಿ ಹುಟ್ಟಿ 1958ರಲ್ಲಿ ಪ್ಯಾರಿಸಿಗೆ ಬಂದವನು. ಹೊಳೆಯುವ ಸಣ್ಣ ಸಣ್ಣ ಹಾಳೆಗಳನ್ನು ನೈಲಾನ್ ಎಳೆಗಳಿಂದ ತೂಗುಬಿಟ್ಟು, ಬದಿಯಿಂದ ಬೆಳಕು ಬಿಟ್ಟನು. ಯಾರಾದರೂ ಹತ್ತಿರ ಸುಳಿದರೆ ಗಾಳಿ ಅಲುಗುತ್ತದೆ, ಹಾಳೆ ಅಲುಗುತ್ತದೆ, ಎರಡು ಪಟ್ಟು ಕೋನದಲ್ಲಿ ಗೋಡೆಯ ಮೇಲೆ ಬೆಳಕು ಅಲುಗುತ್ತದೆ. ನೋಡಲು ಬಂದವನು ತನಗೆ ತಿಳಿಯದೆಯೇ ಚಿತ್ರ ಬರೆಯುತ್ತಿರುತ್ತಾನೆ. ಮುಟ್ಟಬೇಡಿರೆಂಬ ಫಲಕಗಳ ಲೋಕದಲ್ಲಿ ಮುಟ್ಟದಿರುವುದನ್ನೇ ನಿಷೇಧಿಸಿದ ಗುಂಪು ಇವನದು. 1966ರ ಏಪ್ರಿಲ್ 19ರಂದು ಪ್ಯಾರಿಸಿನ ಬೀದಿಗಳಿಗೇ ತಮ್ಮ ಆಟಗಳನ್ನು ತಂದಿಟ್ಟು ದಾರಿಹೋಕರನ್ನು ಕರೆದರು. ಅದೇ ವರ್ಷ ವೆನಿಸ್ಸಿನಲ್ಲಿ ಲ ಪಾರ್ಕನಿಗೆ ಮಹಾಬಹುಮಾನ ಬಂತು, ಚಿತ್ರಕಲೆಗೆಂದು! ಕನ್ನಡಿ, ಮೋಟಾರು, ದೀಪಗಳನ್ನಿಟ್ಟವನಿಗೆ ಕೊಡಲು ಬಹುಮಾನದ ಬೇರೆ ಖಾನೆ ಅವರಲ್ಲಿರಲಿಲ್ಲವೋ ಏನೋ. ಸುಂಕದ ಕಟ್ಟೆಯವರ ಪಾಡೇ ಇವರದೂ.

ಸಂಗ್ರಹಾಲಯಗಳವರಲ್ಲಿ ನಾನು ಕೇಳುವುದು ಹೆಚ್ಚಿನದಲ್ಲ. ಇಂಥ ಕೃತಿಗೆ ಒಂದು ಕತ್ತಲ ಕೋಣೆ, ಸುತ್ತ ಬರಿಯ ಗೋಡೆ, ಕೂರಲು ಒಂದು ಬೆಂಚು. ಮೂಲವನ್ನು ಓಡಿಸಲಾಗದಿದ್ದರೆ ಪ್ರತಿಕೃತಿ ಓಡಲಿ. ಅದನ್ನು ತಲೆಯೆತ್ತಿ ಹೇಳಲಿ. ಯಂತ್ರ ನಿಂತಿರುವ ಹೊತ್ತಿನಲ್ಲಿ ಫಲಕದ ಮೇಲೆ ಕೃತಿ ಈಗ ಇಲ್ಲಿಲ್ಲ, ಇಂತಿಷ್ಟು ಗಂಟೆಗೆ ಬರುತ್ತದೆ ಎಂದು ಬರೆಯಲಿ. ಖರ್ಚಿನ ಮಾತು ಬರುತ್ತದೆ, ಗೊತ್ತು. ಬೆಲ್ಜಿಯಂ ದೇಶದ ಲಿಯೇಜ್ ನಗರಕ್ಕೂ ಆ ಮಾತು ಬಂದಿರಲೇಬೇಕು. ಮ್ಯೂಸ್ ನದಿಯ ದಂಡೆಯ ಉದ್ಯಾನದಲ್ಲಿ ನಿಕೊಲಾಸ್ ಷೋಫರ್ ಎಂಬಾತ 1961ರಲ್ಲಿ 52 ಮೀಟರು ಎತ್ತರದ ಉಕ್ಕಿನ ಗೋಪುರವೊಂದನ್ನು ನಿಲ್ಲಿಸಿದ್ದನು. ಗಾಳಿ, ಸದ್ದು, ಬೆಳಕುಗಳನ್ನು ಗ್ರಹಿಸಿ ಅದರ ಹೊಳೆಯುವ ಫಲಕಗಳು ತಾವಾಗಿ ತಿರುಗಿ ಊರಿನ ಮೇಲೆ ಬೆಳಕು ಚೆಲ್ಲಬೇಕು. ಕೆಲವು ವರ್ಷ ಚೆಲ್ಲಿದವು. ಆಮೇಲೆ ಕೆಟ್ಟು ನಿಂತವು. ದಶಕಗಳವರೆಗೆ ಅದು ನದಿಯ ಬದಿಯ ಒಂದು ಉಕ್ಕಿನ ಅಟ್ಟಣೆಯಾಗಿತ್ತು. ಕೆಡವಿದ್ದರೆ ಯಾರೂ ಅಳುತ್ತಿರಲಿಲ್ಲ. ಹಾಗೆಯೇ ಸ್ಮಾರಕವೆಂದು ಬಿಟ್ಟಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಊರಿನವರು ಎರಡನ್ನೂ ಮಾಡದೆ ಅದನ್ನು ರಿಪೇರಿ ಮಾಡಿಸಿದರು. ಷೋಫರ್ 1992ರಲ್ಲಿಯೇ ತೀರಿಕೊಂಡಿದ್ದನು. 2016ರಲ್ಲಿ ಫಲಕಗಳು ಮತ್ತೆ ತಿರುಗಿದವು.